ಗಾಜಿನ ತೊಟ್ಟಿಗೆ ಬಂದ ಆಕ್ಸೊಲಾಟಲ್

ಕೊಬ್ಬರಿಯ ಬಗೆಗಿನ ಒಂದು ಕಾರ್ಯಕ್ರಮದ ಚಿತ್ರೀಕರಣಕ್ಕೆಂದು ತಿಪಟೂರಿನ ಹತ್ತಿರದ ಒಂದು ತೋಟದ ಮನೆಗೆ ಹೋಗಿದ್ದೆವು. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಕಾಯಿಗಳನ್ನು ಕೆಳಗಿಳಿಸುವ ದೃಶ್ಯ ನಮಗೆ ಬೇಕಿತ್ತು. ಬೆಳಕು ಸರಿಹೋಗಲಿ ಎಂದು ಜಗುಲಿಯ ಮೇಲೆ ಕಾದು ಕುಳಿತಿದ್ದಾಗ ಆ ಮನೆಯ ಹುಡುಗ, ಪಿಯುಸಿ ಎರಡನೆಯ ವರ್ಷದ ವಿದ್ಯಾರ್ಥಿ, ತನ್ನ ಮೊಬೈಲನ್ನು ನನ್ನ ಮುಂದೆ ಹಿಡಿದ. ತಿಳಿ ಗುಲಾಬಿ ಬಣ್ಣದ ಒಂದು ಪ್ರಾಣಿ. ಅಗಲವಾದ ತಲೆ, ರೆಪ್ಪೆಯಿಲ್ಲದ ಪುಟ್ಟ ಕಣ್ಣು, ಕತ್ತಿನ ಎರಡೂ ಬದಿಗೆ ಗರಿಯಂತಹ ಮೂರು ಮೂರು ಕವಲು, ಸದಾ ನಗುತ್ತಿರುವಂತೆ ಕಾಣುವ ಬಾಯಿ.

"ಸಾರ್, ಇದು ಆಕ್ಸೊಲಾಟಲ್. ನಮ್ಮನೇಲಿ ಸಾಕೋಕೆ ಆಗುತ್ತಾ? ಗಾಜಿನ ತೊಟ್ಟಿ ಹೇಗೆ ಮಾಡ್ಬೇಕು?"

ನಾನು ಬಾಯಿ ತೆರೆಯುವ ಮೊದಲೇ, ಪಕ್ಕದಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ ಅವನ ಅಜ್ಜಿ ಬಗ್ಗಿ ನೋಡಿದರು. "ಅದೇನ್ ಮಹಾ ತೋರಿಸ್ತೀಯ ಮಗ, ಗೊದಮೊಟ್ಟೆ ಕಣೋ. ಕೈಕಾಲು ಬಂದೈತೆ, ಬಾಲ ಇನ್ನೂ ಉದುರಿಲ್ಲ."

ಹುಡುಗ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಇನ್ನೂರು ವರ್ಷಗಳ ಹಿಂದೆ ಪ್ಯಾರಿಸ್ ನಗರದಲ್ಲಿ, ಆ ಕಾಲದ ಅತಿ ದೊಡ್ಡ ಪ್ರಾಣಿಶಾಸ್ತ್ರಜ್ಞನೆನಿಸಿದ್ದ ಜಾರ್ಜ್ ಕ್ಯೂವಿಯೇ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. 1804ರಲ್ಲಿ ಅಮೆರಿಕ ಖಂಡದ ಪ್ರವಾಸ ಮುಗಿಸಿ ಬಂದ ಹಂಬೋಲ್ಟ್ ಮೆಕ್ಸಿಕೋದಿಂದ ತಂದುಕೊಟ್ಟ ಎರಡು ಸತ್ತ ಮಾದರಿಗಳನ್ನು ಕೊಯ್ದು ನೋಡಿದ ಕ್ಯೂವಿಯೇ, ಇದು ಪೂರ್ತಿ ಬೆಳೆದ ಪ್ರಾಣಿಯಲ್ಲ, ಯಾವುದೋ ಸಾಲಮಾಂಡರಿನ ಮರಿಯಿರಬೇಕು ಎಂದು ತೀರ್ಮಾನಿಸಿದ. ತೋಟದ ಬಾವಿಯಲ್ಲಿ ಕಪ್ಪೆಗಳನ್ನು ನೋಡುತ್ತ ಬೆಳೆದ ಅಜ್ಜಿಗೆ ಅದು ಒಂದೇ ನೋಟಕ್ಕೆ ತಿಳಿದಿತ್ತು.

ಸಾಲಮಾಂಡರ್ ಎಂದರೆ ಬಾಲವುಳ್ಳ ಉಭಯವಾಸಿ. ನೋಡಲು ಹಲ್ಲಿಯಂತಿದ್ದರೂ ಕಪ್ಪೆಯ ದಾಯಾದಿ. ನಮ್ಮ ಕಡೆಯವರಿಗೆ ಅದು ಅಪರಿಚಿತವಾಗಿರುವುದು ಸಹಜ. ಭಾರತದಲ್ಲಿ ಅವು ಇರುವುದು ಪೂರ್ವ ಹಿಮಾಲಯದ ಡಾರ್ಜಿಲಿಂಗ್ ಕಡೆಯಲ್ಲಿ ಮತ್ತು ಈಶಾನ್ಯದ ಗುಡ್ಡಗಳಲ್ಲಿ ಮಾತ್ರ. ದಕ್ಷಿಣ ಭಾರತದಲ್ಲಿ ಒಂದೂ ಇಲ್ಲ. ಹುಡುಗನಿಗೆ ಮಾತ್ರ ಆಕ್ಸೊಲಾಟಲ್ ಚಿಕ್ಕಂದಿನ ಗೆಳೆಯ. 2021ರಲ್ಲಿ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದೊಳಗೆ ಅದು ಬಂದ ಮೇಲೆ ಲೋಕದ ಮಕ್ಕಳಿಗೆಲ್ಲ ಅದರ ಹೆಸರು ಗೊತ್ತಾಗಿದೆ. ಅದೇ ವರ್ಷ ಮೆಕ್ಸಿಕೋ ದೇಶ ತನ್ನ 50 ಪೆಸೊ ನೋಟಿನ ಮೇಲೂ ಅದರ ಚಿತ್ರ ಅಚ್ಚು ಹಾಕಿತು.

ಇದರ ಮೂಲ ಮನೆ ಮೆಕ್ಸಿಕೋ ನಗರವಿರುವ ಕಣಿವೆ. ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿರುವ ಆ ಬೋಗುಣಿಯಲ್ಲಿ ಒಂದು ಕಾಲಕ್ಕೆ ಐದು ಸರೋವರಗಳಿದ್ದವು. ಅವುಗಳಲ್ಲಿ ಸಿಹಿನೀರಿನ ಷೊಚಿಮಿಲ್ಕೊ ಮತ್ತು ಚಾಲ್ಕೊಗಳಲ್ಲಿ ಆಕ್ಸೊಲಾಟಲ್ ವಾಸ. ಬೆಟ್ಟದ ಚಿಲುಮೆಗಳಿಂದ ಬರುವ ನೀರು, ವರ್ಷವಿಡೀ ತಂಪು. ಅಲ್ಲಿಯ ರೈತರು ಆಳವಿಲ್ಲದ ನೀರಿನಲ್ಲಿ ಕೆಸರು, ಜೊಂಡುಗಳನ್ನು ಪೇರಿಸಿ 'ಚಿನಾಂಪಾ' ಎಂಬ ಉದ್ದನೆಯ ಮಡಿಗಳನ್ನು ಕಟ್ಟಿದರು. ತೇಲುವ ತೋಟಗಳೆಂದು ಪುಸ್ತಕಗಳಲ್ಲಿ ಬರೆಯುತ್ತಾರಾದರೂ ಅವು ತೇಲುವುದಿಲ್ಲ. ಕಾಲುವೆಯ ತಳದ ಕೆಸರನ್ನು ತೋಡಿ ಮಡಿಯ ಮೇಲೆ ಹರಡುವುದೇ ಅವರ ಗೊಬ್ಬರ. ಬೇಸಿಗೆಯಲ್ಲಿ ಕೆರೆಯ ಗೋಡು ಹೊಡೆಸಿ ತೆಂಗಿನ ಬುಡಕ್ಕೆ ಹಾಕುವ ನಿಮ್ಮ ಮನೆಯ ಹಿರಿಯರನ್ನು ಕೇಳಿನೋಡಿ, ಇದರ ಲಾಭವನ್ನು ಅವರೇ ಹೇಳುತ್ತಾರೆ. ಮಡಿಗಳ ನಡುವಿನ ಕಾಲುವೆಗಳಲ್ಲಿ ಈ ಪ್ರಾಣಿ ಹುಳುಹುಪ್ಪಟೆ ತಿಂದುಕೊಂಡು ಬದುಕಿತ್ತು. ಜನ ಅದನ್ನು ಹಿಡಿದು ತಿನ್ನುತ್ತಲೂ ಇದ್ದರು, ಕಥೆಯನ್ನೂ ಕಟ್ಟಿದ್ದರು. ಹೊಸ ಸೂರ್ಯ ಚಲಿಸಬೇಕಾದರೆ ದೇವತೆಗಳೆಲ್ಲ ಬಲಿಯಾಗಬೇಕಾಯಿತಂತೆ. ಷೋಲೋಟಲ್ ಎಂಬ ದೇವರು ಸಾವಿಗೆ ಹೆದರಿ ಓಡಿದ. ಜೋಳದ ಗಿಡವಾದ, ಕತ್ತಾಳೆಯಾದ, ಕೊನೆಗೆ ನೀರಿಗಿಳಿದು ಆಕ್ಸೊಲಾಟಲ್ ಆದ. ಅಲ್ಲಿಯೂ ಸಿಕ್ಕಿಬಿದ್ದ. 16ನೆಯ ಶತಮಾನದಲ್ಲಿ ಸಹಗೂನ್ ಎಂಬ ಸ್ಪೇನಿನ ಪಾದ್ರಿ ಸ್ಥಳೀಯರಿಂದ ಕೇಳಿ ಬರೆಸಿಟ್ಟದ್ದರಿಂದ ಈ ಕಥೆ ನಮಗೆ ಉಳಿದಿದೆ.

ಜೀವಂತ ಆಕ್ಸೊಲಾಟಲ್ ಯೂರೋಪಿಗೆ ಬಂದದ್ದು ಯುದ್ಧದ ಬೆನ್ನಿಗೆ. 1860ರ ದಶಕದಲ್ಲಿ ಫ್ರಾನ್ಸ್ ಮೆಕ್ಸಿಕೋದ ಮೇಲೆ ಸೈನ್ಯ ಕಳಿಸಿತ್ತು. ಅಲ್ಲಿಂದ ಬಂದ ವಸ್ತುಗಳ ಜೊತೆ 34 ಜೀವಂತ ಆಕ್ಸೊಲಾಟಲ್‌ಗಳೂ ಪ್ಯಾರಿಸ್ ಸೇರಿದವು. ಅವುಗಳಲ್ಲಿ ಆರು, ಅಂದರೆ ಐದು ಗಂಡು ಮತ್ತು ಒಂದೇ ಒಂದು ಹೆಣ್ಣು, 1864ರ ಜನವರಿಯಲ್ಲಿ ಅಲ್ಲಿಯ ಪ್ರಕೃತಿ ಸಂಗ್ರಹಾಲಯದ ಪ್ರಾಧ್ಯಾಪಕ ಆಗಸ್ಟ್ ಡ್ಯೂಮೆರಿಲ್ ಅವರ ಕೈಗೆ ಬಂದವು. ಒಂದು ವರ್ಷಕ್ಕೆ, 1865ರ ಜನವರಿಯಲ್ಲಿ, ಹೆಣ್ಣು ಮೊಟ್ಟೆಯಿಟ್ಟಿತು. ಕ್ಯೂವಿಯೇಯ ಮಾತು ಇಲ್ಲಿ ಅಲುಗಾಡಿತು. ಮರಿ ಮರಿ ಹಾಕುವುದುಂಟೆ? ಹಾಗಾದರೆ ಇದು ಬೆಳೆದ ಪ್ರಾಣಿಯೇ ಸರಿ ಎಂದುಕೊಳ್ಳುತ್ತಿರುವಾಗಲೇ, ಅದೇ ವರ್ಷದ ಕೊನೆಯ ತಿಂಗಳುಗಳಲ್ಲಿ ಇನ್ನೊಂದು ಅಚ್ಚರಿ ನಡೆಯಿತು. ಮೊಟ್ಟೆಯಿಂದ ಬಂದ ಕೆಲವು ಮರಿಗಳ ಗರಿಯಂತಹ ಕಿವಿರುಗಳು ಮುದುಡಿದವು, ಬಾಲದ ರೆಕ್ಕೆ ಕರಗಿತು, ಚರ್ಮದ ಮೇಲೆ ಹಳದಿ ಮಚ್ಚೆ ಮೂಡಿತು. ಅವು ನೀರು ಬಿಟ್ಟು ನೆಲಕ್ಕೆ ಬಂದವು. ತಂದೆ ತಾಯಿ ಮಾತ್ರ ನೀರಿನಲ್ಲಿ ಹಾಗೆಯೇ ಇದ್ದವು. ಕ್ಯೂವಿಯೇಯೂ ಸರಿ, ಅವನನ್ನು ಒಪ್ಪದವರೂ ಸರಿ ಎಂಬಂತಾಯಿತು. ಬಾಲ್ಯ ಮುಗಿಯದೆಯೇ ತಾಯಿಯಾಗಬಲ್ಲ ಪ್ರಾಣಿ ಇದು.

ಏಕೆ ಹೀಗೆ? 1870ರ ದಶಕದಲ್ಲಿ ಜರ್ಮನಿಯ ಮರೀ ಫಾನ್ ಷೋವಿನ್ ಎಂಬ ಮಹಿಳೆ ತೊಟ್ಟಿಯ ನೀರನ್ನು ದಿನದಿನಕ್ಕೆ ಸ್ವಲ್ಪಸ್ವಲ್ಪ ಇಳಿಸುತ್ತ, ಪ್ರಾಣಿಗಳನ್ನು ಅಸಾಧಾರಣ ತಾಳ್ಮೆಯಿಂದ ನೋಡಿಕೊಂಡು, ಕೆಲವನ್ನು ನೆಲದ ಸಾಲಮಾಂಡರ್ ಆಗಿ ಮಾಡಿ ತೋರಿಸಿದರು. ಆಕೆಯ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನಗಂತೂ ಎಂದೂ ಸಿಗಲಿಲ್ಲ. ಒಳಗಿನ ಕಾರಣ ಗೊತ್ತಾದದ್ದು ಇನ್ನೂ ತಡವಾಗಿ. 1912ರಲ್ಲಿ ಗುಡರ್ನಾಚ್ ಎಂಬ ವಿಜ್ಞಾನಿ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಅವಧಿಗೆ ಮೊದಲೇ ಪುಟ್ಟ ಪುಟ್ಟ ಕಪ್ಪೆಗಳಾದವು. ಮರುವರ್ಷ ಲಾಫ್‌ಬರ್ಗರ್ ಅದನ್ನೇ ಆಕ್ಸೊಲಾಟಲ್‌ಗೆ ತಿನ್ನಿಸಿ ರೂಪಾಂತರ ತಂದರು. 1920ರಲ್ಲಿ ಇಂಗ್ಲೆಂಡಿನ ಜೂಲಿಯನ್ ಹಕ್ಸ್‌ಲಿ ಇದೇ ಪ್ರಯೋಗ ಮಾಡಿದಾಗ ಅಲ್ಲಿಯ ಪತ್ರಿಕೆಗಳು ಚಿರಯೌವನದ ಮದ್ದೇ ಸಿಕ್ಕಿತೆಂದು ಸುದ್ದಿ ಹಬ್ಬಿಸಿದವು. ಪ್ರಯೋಗದಲ್ಲಿ ಆದದ್ದು ಅದಕ್ಕೆ ತದ್ವಿರುದ್ಧ! ಆಕ್ಸೊಲಾಟಲ್‌ನ ಮೈಯಲ್ಲಿ ಥೈರಾಯ್ಡ್ ಗ್ರಂಥಿ ಇದ್ದರೂ ರೂಪಾಂತರಕ್ಕೆ ಬೇಕಾದಷ್ಟು ಹಾರ್ಮೋನು ತಾನಾಗಿ ಹರಿಯುವುದಿಲ್ಲ. ತಂಪಾದ, ಬತ್ತದ ಸರೋವರದಲ್ಲಿ ಅದರ ಅಗತ್ಯವೂ ಇರಲಿಲ್ಲ.

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣ ರಾವ್ ಪಶ್ಚಿಮಘಟ್ಟದ ಕಪ್ಪೆಗಳನ್ನೂ ಅವುಗಳ ಗೊದಮೊಟ್ಟೆಗಳನ್ನೂ ಅಭ್ಯಾಸ ಮಾಡಿದವರು. 1932ರಲ್ಲಿ ಬೆಂಗಳೂರಿನಿಂದ ಹೊರಟ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಅವರ ಗೌರವಾರ್ಥ 2010ರಲ್ಲಿ ಒಂದು ಕಪ್ಪೆ ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂದು ಹೆಸರಿಡಲಾಯಿತು. ಮಳೆಗಾಲದ ರಾತ್ರಿ ಮಲೆನಾಡಿನ ಪೊದೆಗಳಲ್ಲಿ ಟಿಕ್ ಟಿಕ್ ಎನ್ನುವ ಪುಟ್ಟ ಕಪ್ಪೆಗಳು ಅವು. ಆ ಕಪ್ಪೆಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಬಾಲ್ಯವೇ ಇಲ್ಲ. ಆ ಹಂತವನ್ನೆಲ್ಲ ಮೊಟ್ಟೆಯೊಳಗೇ ಮುಗಿಸಿಕೊಂಡು ಕಪ್ಪೆಯಾಗಿಯೇ ಹೊರಗೆ ಬರುತ್ತವೆ. ಆಕ್ಸೊಲಾಟಲ್ ಬಾಲ್ಯವನ್ನು ಬಿಡಲೊಲ್ಲದು. ಇವು ಬಾಲ್ಯಕ್ಕೆ ಕಾಲಿಡಲೊಲ್ಲವು. ನಾರಾಯಣ ರಾಯರು 1937ರಲ್ಲಿ ಹೆಸರಿಟ್ಟ ಕಪ್ಪೆಗಳಲ್ಲಿ ಒಂದಕ್ಕೆ ಮೂಡಿಗೆರೆ ಕಡೆಯ ಕೊಟ್ಟಿಗೆಹಾರದ ಹೆಸರಿದೆ. ಅವರು ಜಾಡಿಗಳಲ್ಲಿಟ್ಟ ಮೂಲ ಮಾದರಿಗಳು ಕಳೆದುಹೋದವು. ದಶಕಗಳ ಅನಂತರ ಬಂದವರು ಅವರ ಬರಹವನ್ನು ಹಿಡಿದು ಕಾಡಿನಲ್ಲಿ ಮತ್ತೆ ಹುಡುಕಬೇಕಾಯಿತು. ಗಾಜಿನೊಳಗೆ ಇಟ್ಟದ್ದು ಹೋಯಿತು, ಹೊರಗೆ ಇದ್ದದ್ದು ಉಳಿಯಿತು. ಆಕ್ಸೊಲಾಟಲ್‌ನ ಕಥೆ ಇದಕ್ಕೆ ವಿರುದ್ಧ. ಡ್ಯೂಮೆರಿಲ್ ತಮ್ಮ ತೊಟ್ಟಿಯಲ್ಲಿ ಹುಟ್ಟಿದ ಮರಿಗಳನ್ನು ಯೂರೋಪಿನ ಎಲ್ಲ ಕಡೆಗೂ ಹಂಚಿದರು. ಇಂದು ಪ್ರಯೋಗಶಾಲೆಗಳಲ್ಲಿ, ಮನೆಗಳಲ್ಲಿ ಇರುವವುಗಳ ವಂಶ ಬಹುಪಾಲು ಆ ಆರಕ್ಕೆ ಹೋಗಿ ಮುಟ್ಟುತ್ತದೆ. ಕಾಲು ಕತ್ತರಿಸಿದರೆ ಮತ್ತೆ ಮೂಳೆ ನರ ಸಮೇತ ಬೆಳೆಸಿಕೊಳ್ಳುವ ಪ್ರಾಣಿಯೆಂದು ವಿಜ್ಞಾನಿಗಳಿಗೆ ಅದರ ಮೇಲೆ ಪ್ರೀತಿ. 2018ರಲ್ಲಿ ಅದರ ಜೀನೋಮನ್ನು ಓದಿದಾಗ ಅದು ಮನುಷ್ಯನದರ ಹತ್ತರಷ್ಟು ದೊಡ್ಡದೆಂದು ತಿಳಿಯಿತು.

ಇನ್ನು ಹುಡುಗನ ಎರಡನೆಯ ಪ್ರಶ್ನೆ: ಗಾಜಿನ ತೊಟ್ಟಿ. ಅದಕ್ಕೂ ಒಂದು ಚರಿತ್ರೆಯಿದೆ. ಬ್ರಿಟನ್ನಿನಲ್ಲಿ 1845ರಲ್ಲಿ ಗಾಜಿನ ಮೇಲಿನ ತೆರಿಗೆ ರದ್ದಾಗಿ ಗಾಜು ಅಗ್ಗವಾಯಿತು. 1849ರಲ್ಲಿ ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ ಒಂದು ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನು, ನೀರುಗಿಡ ಮತ್ತು ಬಸವನಹುಳುಗಳನ್ನು ಒಟ್ಟಿಗೆ ಇಟ್ಟು, ನೀರನ್ನು ಬದಲಿಸದೆಯೇ ಅವು ಬದುಕುವುದನ್ನು ಕಂಡು ಮರುವರ್ಷ ವರದಿ ಮಾಡಿದರು. ಗಿಡ ಆಮ್ಲಜನಕ ಕೊಡುತ್ತದೆ, ಹುಳು ಕೊಳೆತದ್ದನ್ನು ತಿನ್ನುತ್ತದೆ, ಲೆಕ್ಕ ಸರಿಹೋಯಿತು ಎಂದು ಅವರ ವಾದ. ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿತ್ತು. ಅದನ್ನು ತುಂಬಿದವರಲ್ಲಿ ಒಬ್ಬರು ಅವರ ಮಗನೇ! ತಂದೆಯ ಹೆಸರೇ ಇದ್ದ ಆ ರಾಬರ್ಟ್ ವಾರಿಂಗ್ಟನ್ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮಣ್ಣಿನ ಅಮೋನಿಯಾ ಎರಡು ಹಂತಗಳಲ್ಲಿ, ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗುತ್ತದೆಂದೂ ಅದು ಜೀವಿಗಳ ಕೆಲಸವೆಂದೂ ತೋರಿಸಿದರು. 1890ರಲ್ಲಿ ವಿನೊಗ್ರಾಡ್‌ಸ್ಕಿ ಆ ಬ್ಯಾಕ್ಟೀರಿಯಾಗಳನ್ನು ಬೇರ್ಪಡಿಸಿದರು. ತಿಪ್ಪೆಗೊಬ್ಬರ ತೆಂಗಿಗೆ ದಕ್ಕುವಂತೆ ಮಾಡುವ ಇವೇ ಜೀವಿಗಳು ಗಾಜಿನ ತೊಟ್ಟಿಯ ಕಾವಲುಗಾರರು. ಪ್ರಾಣಿಯ ಮಲಮೂತ್ರದ ಅಮೋನಿಯಾ ವಿಷ, ನೈಟ್ರೈಟೂ ವಿಷ, ನೈಟ್ರೇಟು ಅಷ್ಟಿಲ್ಲ. ಹೊಸ ತೊಟ್ಟಿಯಲ್ಲಿ ಈ ಬ್ಯಾಕ್ಟೀರಿಯಾಗಳು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಸೋಸುಯಂತ್ರವನ್ನು ಓಡಿಸುತ್ತ, ಪ್ರಾಣಿಯಿಲ್ಲದ ತೊಟ್ಟಿಯಲ್ಲಿ ನೀರಿನ ಪರೀಕ್ಷೆ ಮಾಡುತ್ತ ಕಾಯಬೇಕು. ತೊಟ್ಟಿ ತಂದ ದಿನವೇ ಪ್ರಾಣಿಯನ್ನು ತರುವವರ ಮನೆಯಲ್ಲಿ ಅದು ತಿಂಗಳೊಪ್ಪತ್ತಿನಲ್ಲಿ ಸಾಯುವುದು ಈ ಕಾರಣಕ್ಕೇ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಒಂದು ಪ್ರಾಣಿಗೆ 75ರಿಂದ 100 ಲೀಟರ್ ಹಿಡಿಯುವ, ಎತ್ತರಕ್ಕಿಂತ ಉದ್ದವಾದ ತೊಟ್ಟಿ. ತಳಕ್ಕೆ ಜಲ್ಲಿ ಬೇಡ, ಆಹಾರದ ಜೊತೆ ನುಂಗಿಬಿಡುತ್ತದೆ. ಬರಿಯ ಗಾಜು ಅಥವಾ ನುಣುಪಾದ ಮರಳು. ಪ್ರಖರ ದೀಪ ಬೇಡ, ಅದಕ್ಕೆ ಮುಚ್ಚಿಕೊಳ್ಳಲು ರೆಪ್ಪೆಯಿಲ್ಲ. ಅಡಗಲು ಒಂದು ಮಡಕೆಯ ಚೂರು ಸಾಕು. ನೀರು ರಭಸವಾಗಿ ಹರಿಯಬಾರದು. ಆಹಾರಕ್ಕೆ ಎರೆಹುಳು, ಔಷಧಿ ಹೊಡೆಯದ ಜಾಗದ್ದು. ನಲ್ಲಿಯ ನೀರಾದರೆ ಕ್ಲೋರಿನ್ ಹೋಗಲಾಡಿಸಬೇಕು. ನಮ್ಮ ಕೊಳವೆಬಾವಿಗಳ ಗಡಸು ನೀರಿನ ಬಗ್ಗೆ ಹುಡುಗ ಹೆದರಿದ್ದ; ಸ್ವಲ್ಪ ಗಡಸು ನೀರೇ ಅದಕ್ಕೆ ಒಗ್ಗುತ್ತದೆ.

ಒಗ್ಗದೆ ಇರುವುದು ಶಾಖ. ಅದಕ್ಕೆ ಬೇಕಾದದ್ದು 16ರಿಂದ 18 ಡಿಗ್ರಿ ಸೆಲ್ಸಿಯಸ್ ನೀರು. 24 ದಾಟಿತೆಂದರೆ ಊಟ ಬಿಡುತ್ತದೆ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಯಾದಷ್ಟೂ ನೀರಿನಲ್ಲಿ ಕರಗಿರುವ ಆಮ್ಲಜನಕ ಕಡಿಮೆ, ಪ್ರಾಣಿಯ ಮೈಗೆ ಬೇಕಾಗುವ ಆಮ್ಲಜನಕ ಹೆಚ್ಚು. ಇದನ್ನು ನಾನು ಪುಸ್ತಕದಿಂದಲ್ಲ, ತಪ್ಪು ಮಾಡಿ ಕಲಿತೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮಕ್ಕಳ ಕಾರ್ಯಕ್ರಮವೊಂದಕ್ಕೆ ಚಿಕ್ಕ ಗಾಜಿನ ತೊಟ್ಟಿಯಲ್ಲಿ ಮೀನುಗಳನ್ನು ತಂದು ಸ್ಟುಡಿಯೋ ದೀಪಗಳ ಕೆಳಗೆ ಇಟ್ಟಿದ್ದೆ. ಚೌಕಟ್ಟು ಚೆನ್ನಾಗಿ ಬರಲೆಂದು ಮತ್ತೊಂದು ದೀಪ ಹಾಕಿಸಿದೆ. ಮೂರನೆಯ ಬಾರಿ ಚಿತ್ರಿಸುವ ಹೊತ್ತಿಗೆ ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ನನಗೆ ಅದು ಕ್ಯಾಮೆರಾಗೆ ಒಳ್ಳೆಯ ದೃಶ್ಯವಾಗಿ ಕಂಡಿತ್ತು. ವಿಜ್ಞಾನ ಪದವೀಧರನಾಗಿ ನನಗೆ ಹೊಳೆಯಬೇಕಾದದ್ದು ತೊಟ್ಟಿಗೆ ಕೈ ಅದ್ದಿದ ಮೇಲೆ ಹೊಳೆಯಿತು. ಎರಡು ಮೀನು ಉಳಿಯಲಿಲ್ಲ.

ತಿಪಟೂರು ಸುಮಾರು 850 ಮೀಟರ್ ಎತ್ತರದಲ್ಲಿದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೂ ಹೀಗೆಯೇ ಬಯಲುಸೀಮೆ. ಏಪ್ರಿಲ್ ಮಧ್ಯಾಹ್ನ ಗಾಳಿಯ ಉಷ್ಣತೆ 35ರ ಆಸುಪಾಸಿಗೆ ಏರುತ್ತದೆ. ತೊಟ್ಟಿಯ ಮೇಲೆ ಫ್ಯಾನ್ ಬೀಸಿದರೆ ನೀರು ಆವಿಯಾಗುತ್ತ ತಣ್ಣಗಾಗುತ್ತದೆ, ಮಣ್ಣಿನ ಮಡಕೆಯಲ್ಲಿ ನೀರು ತಂಪಾಗುವ ತತ್ವವೇ ಅದು. ಆದರೆ ಅದರಿಂದ ಇಳಿಯುವುದು ಕೆಲವೇ ಡಿಗ್ರಿ. ಉಳಿದದ್ದಕ್ಕೆ ನೀರು ತಂಪಿಸುವ ಯಂತ್ರ ಬೇಕು, ಅದು ಬೇಸಿಗೆಯುದ್ದಕ್ಕೂ ನಿಲ್ಲದೆ ಓಡಬೇಕು. ಮೋಟಾರಿಗೆ ಕರೆಂಟು ಬರುವ ಹೊತ್ತನ್ನು ಕಾದು ತೋಟಕ್ಕೆ ನೀರು ಬಿಡುವ ಮನೆಯಲ್ಲಿ ಅದನ್ನು ಹೇಗೆ ನಂಬುವುದು? "ಆಗಲ್ವಾ ಸಾರ್?" ಎಂದು ಹುಡುಗ ಮತ್ತೆ ಕೇಳಿದ. ನಾನು ಅವನಿಗೆ ಸರೋವರದ ಕಥೆಯ ಉಳಿದ ಭಾಗವನ್ನು ಹೇಳಿದೆ.

ಸ್ಪೇನಿನವರು 1521ರಲ್ಲಿ ಆ ಕಣಿವೆಯನ್ನು ಗೆದ್ದ ಮೇಲೆ ಸರೋವರ ಅವರಿಗೆ ಶತ್ರುವಾಯಿತು. ಪ್ರವಾಹ ಬಂದಾಗಲೆಲ್ಲ ನಗರ ಮುಳುಗುತ್ತಿತ್ತು. 1629ರ ಪ್ರವಾಹದ ನೀರು ವರ್ಷಗಟ್ಟಲೆ ಇಳಿಯಲಿಲ್ಲ. 1607ರಲ್ಲಿಯೇ ನೀರನ್ನು ಕಣಿವೆಯಿಂದ ಹೊರಗೆ ಹರಿಸುವ ಕಾಮಗಾರಿ ತೊಡಗಿತ್ತು. 1900ರಲ್ಲಿ ಮಹಾ ಕಾಲುವೆ ಪೂರ್ಣಗೊಂಡಿತು. ಚಾಲ್ಕೊ ಸರೋವರ ಹೊಲವಾಯಿತು. 20ನೆಯ ಶತಮಾನದ ಆರಂಭದಲ್ಲಿ ಷೊಚಿಮಿಲ್ಕೊದ ಚಿಲುಮೆಗಳ ನೀರನ್ನು ಕೊಳವೆಗಳಲ್ಲಿ ನಗರಕ್ಕೆ ಒಯ್ದರು, ಅನಂತರ ನೆಲದಡಿಯ ನೀರನ್ನೂ ಎತ್ತಿದರು. ಕಾಲುವೆಗಳು ಬತ್ತತೊಡಗಿದಾಗ ನಗರದ ಚರಂಡಿ ನೀರನ್ನು ಶುದ್ಧೀಕರಿಸಿ ಅವುಗಳಿಗೆ ಬಿಟ್ಟರು. ಇಷ್ಟರಲ್ಲಿಯೂ ಆಕ್ಸೊಲಾಟಲ್ ಬದುಕಿಕೊಂಡಿತ್ತು. ಆಮೇಲೆ, 1970ರ ಮತ್ತು 80ರ ದಶಕಗಳಲ್ಲಿ, ಜನರಿಗೆ ಪೌಷ್ಟಿಕ ಆಹಾರ ಸಿಗಲೆಂಬ ಒಳ್ಳೆಯ ಉದ್ದೇಶದಿಂದ ಎರಡು ಮೀನುಗಳನ್ನು ತಂದು ಬಿಟ್ಟರು: ಸಾಮಾನ್ಯ ಗೆಂಡೆ ಮತ್ತು ತಿಲಾಪಿಯಾ. ಗೆಂಡೆ ತಳವನ್ನು ಕೆದಕಿ ಮೊಟ್ಟೆ ಅಂಟಿಸುವ ಗಿಡಗಳನ್ನು ಕಿತ್ತಿತು, ತಿಲಾಪಿಯಾ ಮೊಟ್ಟೆ ಮರಿಗಳನ್ನು ತಿಂದಿತು. 1998ರಲ್ಲಿ ಚದರ ಕಿಲೋಮೀಟರಿಗೆ ಸುಮಾರು 6,000 ಆಕ್ಸೊಲಾಟಲ್ ಎಂದು ಎಣಿಸಿದ್ದರು. 2008ರಲ್ಲಿ 100. 2014ರಲ್ಲಿ 36.

"ತಿಲಾಪಿಯಾ ಅಂದ್ರೆ ಯಾವ್ದು ಸಾರ್?" ಎಂದ ಹುಡುಗ. ಸಂತೆಯಲ್ಲಿ ಜಿಲೇಬಿ ಮೀನು ಎಂದು ಮಾರುತ್ತಾರಲ್ಲ, ಅದೇ. 1952ರಲ್ಲಿ ಭಾರತಕ್ಕೆ ತಂದದ್ದು, ಈಗ ನಮ್ಮ ಕೆರೆಗಳಲ್ಲಿ ಅದು ಮನೆಯವನಂತೆ ಇದೆ. ಗೆಂಡೆಯಂತೂ ಹರಾಜು ಹಿಡಿದವರೇ ಬಿತ್ತುವ ಮೀನು. ಅವನಿಗೆ ಮಲ್ಲಾಘಟ್ಟದ ಕೆರೆ ಗೊತ್ತು, ಬೋರನಕಣಿವೆಯೂ ಗೊತ್ತು. ಸಾವಿರ ಅಡಿ ಕೊರೆಸಿದೆವು ಎನ್ನುವ ಮಾತು ಅವನ ಮನೆಯಲ್ಲಿಯೇ ಆಡಿದ್ದು. ಚಿಲುಮೆಯ ನೀರು ಕೊಳವೆಗೆ ಹೋದ ಕಥೆಯನ್ನು ನಾನು ಹೆಚ್ಚು ಬಿಡಿಸಿ ಹೇಳಬೇಕಾಗಲಿಲ್ಲ. ಈ ಬಾವಿಯಲ್ಲಿ ನಾನು ಮದುವೆಯಾಗಿ ಬಂದಾಗ ಬಗ್ಗಿ ಬಿಂದಿಗೆಯಲ್ಲಿ ಮೊಗೆಯುತ್ತಿದ್ದೆ ಎಂದು ಅಜ್ಜಿ ಮಧ್ಯೆ ಒಂದು ಮಾತು ಸೇರಿಸಿದರು. ನಮ್ಮ ಕ್ಯಾಮೆರಾಮನ್ ಎದ್ದು ಹೋಗಿ ಆ ಬಾವಿಯೊಳಗೆ ಇಣುಕಿ ಬಂದ. ಒಣಗಿದ ಗರಿಗಳು ಬಿದ್ದಿದ್ದವು.

ತೊಟ್ಟಿಗಳಲ್ಲಿ ಲಕ್ಷಗಟ್ಟಲೆ ಇವೆಯಲ್ಲ, ತೆಗೆದುಕೊಂಡು ಹೋಗಿ ಸರೋವರಕ್ಕೆ ಬಿಟ್ಟರಾಯಿತು ಎಂದು ನಿಮಗೂ ತೋರಬಹುದು. ಒಂದೂವರೆ ಶತಮಾನ ಕೆಲವೇ ಪೂರ್ವಜರಿಂದ ತಮ್ಮತಮ್ಮಲ್ಲೇ ಬೆಳೆದ ವಂಶ ಅದು, ನಡುವೆ ಬೇರೆ ಜಾತಿಯ ಸಾಲಮಾಂಡರಿನ ಬೆರಕೆಯೂ ಆಗಿದೆ. ಅಲ್ಲದೆ ಬಿಡುವುದೆಲ್ಲಿಗೆ? ಮೆಕ್ಸಿಕೋದ ವಿಜ್ಞಾನಿಗಳು ಚಿನಾಂಪಾ ರೈತರ ಜೊತೆ ಸೇರಿ ಕೆಲವು ಕಾಲುವೆಗಳಿಗೆ ಸೋಸುವ ಅಡ್ಡಗಟ್ಟೆ ಹಾಕಿ, ಹೊರಗಿನ ಮೀನು ಬಾರದಂತೆ ಮಾಡಿ, ನೀರನ್ನು ತಿಳಿಗೊಳಿಸಿದ್ದಾರೆ. ಇದಕ್ಕೆಂದೇ ಬೆಳೆಸಿದ 18 ಆಕ್ಸೊಲಾಟಲ್‌ಗಳಿಗೆ ರೇಡಿಯೋ ಸಂಕೇತದ ಪುಟ್ಟ ಉಪಕರಣ ಅಳವಡಿಸಿ ಇಂತಹ ಜಾಗಗಳಿಗೆ ಬಿಟ್ಟರು. ಹಿಂಬಾಲಿಸಿದ ಸುಮಾರು 40 ದಿನ ಅವೆಲ್ಲವೂ ಬದುಕಿದ್ದವು, ಮತ್ತೆ ಹಿಡಿದು ತೂಗಿದವು ದಪ್ಪವೂ ಆಗಿದ್ದವು ಎಂದು 2025ರಲ್ಲಿ ಪ್ರಕಟವಾಯಿತು. 36ರ ಲೆಕ್ಕ ಕೇಳಿ ಸಪ್ಪಗಾಗಿದ್ದ ಹುಡುಗ ಈ ಮಾತಿಗೆ ಮೊಬೈಲನ್ನು ಜೇಬಿಗಿಟ್ಟು ಸರಿಯಾಗಿ ಕುಳಿತ.

ಕಾನೂನಿನ ಮಾತೊಂದಿದೆ. ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಪಟ್ಟಿಯಲ್ಲಿ ಆಕ್ಸೊಲಾಟಲ್ ಇದೆ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಬಂದ ತಿದ್ದುಪಡಿಯ ಪ್ರಕಾರ ಇಂತಹ ವಿದೇಶಿ ಜೀವಿಯನ್ನು ಇಟ್ಟುಕೊಂಡವರು ಸರ್ಕಾರಕ್ಕೆ ತಿಳಿಸಿ ನೋಂದಾಯಿಸಬೇಕು. ಅಂಗಡಿಯವನು ಕಾಗದಪತ್ರ ಬೇಡ ಎಂದರೆ ಆ ಅಂಗಡಿಯ ಮೆಟ್ಟಿಲಿಳಿದು ಬನ್ನಿ. ಯಾವ ಸಾಕುಮೀನನ್ನೇ ಆಗಲಿ, ಬೇಸರವಾಯಿತೆಂದು ಕೆರೆಗೆ ಬಿಡಬೇಡಿ. ಷೊಚಿಮಿಲ್ಕೊದಲ್ಲಿ ಬಿಟ್ಟವರ ಉದ್ದೇಶ ಅದಕ್ಕಿಂತ ಒಳ್ಳೆಯದಿತ್ತು.

ಹೊರಡುವಾಗ ನಾನು ಹುಡುಗನಿಗೆ ಒಂದು ಕೆಲಸ ಹೇಳಿದೆ. ಒಂದು ಥರ್ಮಾಮೀಟರ್ ತಂದು, ದನ ನೀರು ಕುಡಿಯುವ ಸಿಮೆಂಟಿನ ತೊಟ್ಟಿಯಲ್ಲಿ, ಬಚ್ಚಲಿನ ಹಂಡೆಯಲ್ಲಿ, ಅಜ್ಜಿಯ ಮಣ್ಣಿನ ಮಡಕೆಯಲ್ಲಿ, ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನೀರಿನ ಉಷ್ಣತೆ ನೋಡಿ ಬರೆದಿಡು. ಒಂದು ದಿನವಾದರೂ ಮಧ್ಯಾಹ್ನ 18ಕ್ಕೆ ಇಳಿದರೆ ನನಗೆ ತಿಳಿಸು ಎಂದೆ. ಮಳೆಗಾಲ ಹಿಡಿದ ಮೇಲೆ ಅವನಿಂದ ಒಂದು ದಪ್ಪ ಲಕೋಟೆ ಬಂತು. ನೋಟುಬುಕ್ಕಿನ ಹಾಳೆಗಳಲ್ಲಿ ಗೆರೆ ಎಳೆದು ಬರೆದ ಅಂಕಿಗಳು. ಮಧ್ಯಾಹ್ನದ ಸಾಲಿನಲ್ಲಿ ಮಡಕೆಯ ನೀರೂ ಒಂದು ದಿನ 18ಕ್ಕೆ ಇಳಿದಿರಲಿಲ್ಲ. ಕೊನೆಯ ಹಾಳೆಯಲ್ಲಿ ಅಂಕಿಗಳ ಕೆಳಗೆ ಹೀಗಿತ್ತು: "ನಿನ್ನೆ ರಾತ್ರಿಯೆಲ್ಲ ಮಳೆ ಸಾರ್. ದನದ ತೊಟ್ಟಿಯಲ್ಲಿ ಕಪ್ಪೆ ಮೊಟ್ಟೆ ಇಟ್ಟಿದೆ. ತೊಟ್ಟಿ ತೊಳೆಯಬೇಡಿ ಎಂದು ಅಪ್ಪನಿಗೆ ಹೇಳಿದ್ದೇನೆ. ದನಕ್ಕೆ ಬಕೆಟ್ಟಿನಲ್ಲಿ ಕೊಡುತ್ತಿದ್ದೇವೆ. ಬಾಲ ಉದುರಲು ಎಷ್ಟು ದಿನ ಬೇಕು ಎಂದು ನೋಡುತ್ತೇನೆ."